ಕೂಡಿಬರದ ‘ನಾನು’

ಬೀರುವಿನಲ್ಲಿ ಯಾವಾಗ ಕೊಂಡದ್ದೆಂದು ಗೊತ್ತಿಲ್ಲದ ಸೀರೆ. ನೋಟ್‌ಬುಕ್ಕಿನಲ್ಲಿ ತನ್ನದಲ್ಲದ ಕೈಬರಹ. ಬಸ್ಸಿನಲ್ಲಿ ಯಾರೋ ಬೇರೆ ಹೆಸರು ಹಿಡಿದು ಕರೆದು, ಹೋದ ವಾರ ಬಿಟ್ಟ ಮಾತನ್ನು ಮುಂದುವರಿಸುತ್ತಾರೆ. ಮಧ್ಯಾಹ್ನ ಅಡುಗೆಮನೆಯಲ್ಲಿದ್ದ ನೆನಪಿದೆ, ಆಮೇಲಿನದು ಸಂಜೆ ಪಾರ್ಕಿನ ಬೆಂಚು. ಒಬ್ಬರಲ್ಲೇ ಬೇರೆಬೇರೆ ಗುರುತುಗಳು ಸರದಿಯಲ್ಲಿ ಮುಂದೆ ಬಂದು, ನಡುವಿನ ನೆನಪು ತಪ್ಪುವ ಮಾನಸಿಕ ಕಾಯಿಲೆಗೆ ಡಿಸೋಸಿಯೇಟಿವ್ ಐಡೆಂಟಿಟಿ ಡಿಸಾರ್ಡರ್, ಚಿಕ್ಕದಾಗಿ ಡಿಐಡಿ, ಎನ್ನುತ್ತಾರೆ. ಅದು ಎದುರಾಗುವುದು ಹೆಚ್ಚಾಗಿ ಹೀಗೆ ಕಾಣೆಯಾದ ಗಂಟೆಗಳಾಗಿ. ಅದನ್ನೂ ಯಾರೂ ತಾವಾಗಿ ಹೇಳುವುದಿಲ್ಲ. ಹುಚ್ಚು ಅಂದಾರು ಎಂಬ ಭಯಕ್ಕೆ ಮುಚ್ಚಿಟ್ಟು, ನಿದ್ದೆಯಿಲ್ಲ, ತಲೆನೋವು, ಬದುಕು ಬೇಡವಾಗಿದೆ ಎಂದು ವೈದ್ಯರ ಬಳಿ ಬರುತ್ತಾರೆ. ಅಮೆರಿಕದ ಮನೋವೈದ್ಯ ಫ್ರಾಂಕ್ ಪಟ್ನಮ್ ಮತ್ತು ಸಂಗಡಿಗರು 1986ರಲ್ಲಿ 100 ರೋಗಿಗಳ ವಿವರ ಕಲೆಹಾಕಿದಾಗ, ಸರಿಯಾದ ರೋಗನಿರ್ಣಯವಾಗುವ ಹೊತ್ತಿಗೆ ಸರಾಸರಿ 6.8 ವರ್ಷದ ಚಿಕಿತ್ಸೆ ಕಳೆದುಹೋಗಿತ್ತು.

ದನಿ, ಹಾವಭಾವ ಎಲ್ಲರಿಗೂ ಕಾಣುವಷ್ಟು ಬದಲಾಗುವವರು ನೂರಕ್ಕೆ ಐದಾರು ಮಂದಿ. ಉಳಿದವರಲ್ಲಿ ಹತ್ತಿರದಿಂದ ನೋಡಬೇಕು: ನೋಟ ಕ್ಷಣಕಾಲ ಎಲ್ಲೋ ನೆಡುತ್ತದೆ, ಕೂತ ಭಂಗಿ ಬದಲಾಗುತ್ತದೆ, ಈಗಷ್ಟೇ ಆಡಿದ ಮಾತನ್ನು ಹೊಸದಾಗಿ ಕೇಳುತ್ತಾರೆ. ತಲೆಯೊಳಗೆ ಮಾತು ಕೇಳಿಸುತ್ತದೆ ಎಂದ ಕೂಡಲೇ ಸ್ಕಿಜೋಫ್ರೇನಿಯಾ ಎಂಬ ಬೇರೆಯೇ ಮನೋರೋಗದ ಹೆಸರು ಬರೆದುಬಿಡುವುದು ದೊಡ್ಡ ತಪ್ಪು. ಡಿಐಡಿಯಲ್ಲಿ ಆ ದನಿಗಳು ಸಾಮಾನ್ಯವಾಗಿ ಚಿಕ್ಕಂದಿನಿಂದಲೂ ಇರುತ್ತವೆ. ಅವಕ್ಕೆ ವಯಸ್ಸಿದೆ, ಸ್ವಭಾವವಿದೆ, ತಮ್ಮತಮ್ಮಲ್ಲೇ ಜಗಳವಿದೆ. ಕುಡಿತದ ಮರೆವು ಮತ್ತು ಕೆಲವು ಬಗೆಯ ಮೂರ್ಛೆರೋಗ ಅಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. ಆಮೇಲೆ 28 ಪ್ರಶ್ನೆಗಳ ಡಿಇಎಸ್ ಎಂಬ ಅಳತೆಪಟ್ಟಿ ಇದೆ. ಒಂದೊಂದಕ್ಕೂ 0ಯಿಂದ 100ರೊಳಗಿನ ಅಂಕ. ಸರಾಸರಿ 30 ದಾಟಿದರೆ ವಿವರವಾದ ಸಂದರ್ಶನ ಬೇಕು. ಆ ಅಂಕವನ್ನೇ ರೋಗನಿರ್ಣಯ ಎಂದುಕೊಳ್ಳಬಾರದು.

ಇದ್ದ ಒಂದು ವ್ಯಕ್ತಿತ್ವ ಗಾಜಿನ ಹಾಗೆ ಒಡೆದು ಚೂರಾಯಿತು ಎಂದು ಬಹಳ ಜನ ತಿಳಿದಿದ್ದಾರೆ. ಆದರೆ ಒಡೆಯುವುದಕ್ಕೆ ಅಲ್ಲಿ ಮೊದಲೇ ಒಂದು ಇಡಿಯಾದದ್ದು ಇರಬೇಕಲ್ಲ? ಕೂಸಿಗೆ ಅದಿಲ್ಲ. ಹಸಿದಾಗಿನ ಅಳು, ಹೊಟ್ಟೆ ತುಂಬಿದಾಗಿನ ನೆಮ್ಮದಿ, ಬೆಚ್ಚಿದಾಗಿನ ನಡುಕ ಎಲ್ಲ ಬಿಡಿಬಿಡಿ ಸ್ಥಿತಿಗಳು. ಅವನ್ನು ಕೂಡಿಸುವವರು ಎತ್ತಿಕೊಂಡವರು. ‘ಆಗ ಅಷ್ಟೊಂದು ಅಳ್ತಿದ್ದೆ, ಈಗ ನೋಡು ಹೆಂಗೆ ನಗ್ತೀಯ ಪುಟ್ಟಾ’ ಎಂದು ದಿನಕ್ಕೆ ಹತ್ತು ಸಲ ಆಡುವ ಮಾತಿನಲ್ಲಿ ಅತ್ತ ಕೂಸೂ ನಕ್ಕ ಕೂಸೂ ಒಂದೇ ಎಂಬ ಪಾಠವಿದೆ. ಎತ್ತಿಕೊಳ್ಳುವ ಕೈಯೇ ಹೊಡೆಯುವ, ಕೆಡಿಸುವ ಕೈಯಾದರೆ ಆ ಪಾಠ ನಿಲ್ಲುತ್ತದೆ. ರಾತ್ರಿ ಹಿಂಸೆ ಕೊಟ್ಟವರ ಪಕ್ಕದಲ್ಲೇ ಬೆಳಿಗ್ಗೆ ಕೂತು ತಿಂಡಿ ತಿನ್ನಬೇಕಾದ ಮಗುವಿಗೆ, ರಾತ್ರಿಯದು ಗೊತ್ತೇ ಇಲ್ಲದಿರುವುದೊಂದೇ ಉಳಿಯುವ ದಾರಿ. ಎಳವೆಯಲ್ಲೇ ಇದು ಮತ್ತೆಮತ್ತೆ ನಡೆದರೆ ಆ ಸ್ಥಿತಿಗಳು ಕೂಡುವುದೇ ಇಲ್ಲ. ಒಂದೊಂದೂ ತನ್ನದೇ ನೆನಪು, ಹೆಸರು, ವಯಸ್ಸು ಕಟ್ಟಿಕೊಳ್ಳುತ್ತದೆ. ಪಟ್ನಮ್ ಕಲೆಹಾಕಿದ 100 ಮಂದಿಯಲ್ಲಿ 97 ಮಂದಿ ಬಾಲ್ಯದ ತೀವ್ರ ಆಘಾತ ಹೇಳಿಕೊಂಡಿದ್ದರು.

ಇದೆಲ್ಲ ನಾಟಕ, ಚಿಕಿತ್ಸಕರೇ ಹುಟ್ಟಿಸಿದ್ದು ಎನ್ನುವವರಿದ್ದಾರೆ. 1980ರ ದಶಕದ ಅಮೆರಿಕದಲ್ಲಿ ಹಿಪ್ನಾಸಿಸ್ ಮಾಡಿ, ‘ಒಳಗೆ ಇನ್ಯಾರಿದ್ದೀರಿ’ ಎಂದು ಕೆದಕಿ ಹೊಸ ಹೆಸರುಗಳನ್ನು ಎಬ್ಬಿಸಿದ್ದೂ ಉಂಟು. ಆದರೆ 2015ರಲ್ಲಿ ಸ್ಟ್ರಾಸ್‌ಬರ್ಗರ್ ಮತ್ತು ವಾಲ್ಡ್‌ಫೋಗೆಲ್ ಪ್ರಕಟಿಸಿದ ಜರ್ಮನಿಯ ಒಂದು ಪ್ರಕರಣವನ್ನು ಬದಿಗೆ ತಳ್ಳುವುದು ಕಷ್ಟ. ಮೆದುಳಿನ ಪೆಟ್ಟಿನಿಂದ ಕುರುಡಾದವಳೆಂದು 15 ವರ್ಷ ನಂಬಲಾಗಿದ್ದ ಹೆಂಗಸು, ಮನೋಚಿಕಿತ್ಸೆಯ ನಡುವೆ ಹದಿಹರೆಯದ ಹುಡುಗನ ಗುರುತಿನಲ್ಲಿದ್ದಾಗ ಪತ್ರಿಕೆಯ ಮುಖಪುಟದ ಪದಗಳನ್ನು ಕಂಡಳು. ಕ್ರಮೇಣ ಕೆಲವು ಗುರುತುಗಳಿಗೆ ದೃಷ್ಟಿ ಬಂತು, ಉಳಿದವಕ್ಕೆ ಇಲ್ಲ. ತಲೆಗೆ ಎಲೆಕ್ಟ್ರೋಡ್ ಅಂಟಿಸಿ, ಕಣ್ಣೆದುರಿನ ದೃಶ್ಯಕ್ಕೆ ಮೆದುಳು ಕೊಡುವ ವಿದ್ಯುತ್ ಉತ್ತರ ಅಳೆದರು. ದೃಷ್ಟಿಯಿರುವ ಗುರುತು ಮುಂದಿದ್ದಾಗ ಅಲೆ ಸರಿಯಾಗಿತ್ತು, ದೃಷ್ಟಿಯಿಲ್ಲದ ಗುರುತಿದ್ದಾಗ ಅಲೆಯೇ ಇರಲಿಲ್ಲ. ಈ ಬದಲಾವಣೆ ಸೆಕೆಂಡುಗಳಲ್ಲಿ ಆಗುತ್ತಿತ್ತು.

ಇದರ ಪಕ್ಕದಲ್ಲಿ ನೆದರ್ಲೆಂಡ್ಸ್‌ನ ರಫಾಯೆಲೆ ಹಂಟ್ಯೆನ್ಸ್ 2003ರಲ್ಲಿ ಪ್ರಕಟಿಸಿದ ಪ್ರಯೋಗವನ್ನೂ ಇಡಬೇಕು. ಒಂದು ಗುರುತಿಗೆ ಪದಗಳ ಪಟ್ಟಿ ಕಲಿಸಿ, ಇನ್ನೊಂದು ಗುರುತನ್ನು ಪರೀಕ್ಷಿಸಿದರು. ಆ ಪಟ್ಟಿ ತಾನು ಕಂಡೇ ಇಲ್ಲ ಎಂದು ಅದು ಹೇಳಿತು. ಉತ್ತರಗಳು ಮಾತ್ರ ಕಲಿತವರ ಉತ್ತರಗಳಂತಿದ್ದವು. ನೆನಪು ಒಳಗೇ ಇತ್ತು, ‘ಇದು ನನ್ನದು’ ಅನ್ನುವುದು ಇರಲಿಲ್ಲ. ಇಂಗ್ಲೆಂಡಿನ ತತ್ವಜ್ಞಾನಿ ಜಾನ್ ಲಾಕ್ ಹದಿನೇಳನೆಯ ಶತಮಾನದಲ್ಲಿ ನೆನಪು ಎಲ್ಲಿಯತನಕವೋ ವ್ಯಕ್ತಿ ಅಲ್ಲಿಯತನಕ ಎಂದ. ಆ ಲೆಕ್ಕದಲ್ಲಿ ಡಿಐಡಿ ಇರುವ ದೇಹವೊಂದರಲ್ಲಿ ಹಲವರಿದ್ದಾರೆ ಎನ್ನಬೇಕಾಗುತ್ತದೆ. ನಾನು ಅದನ್ನು ಒಪ್ಪುವುದಿಲ್ಲ. ಇರುವುದು ಒಬ್ಬರೇ, ಬಂದದ್ದನ್ನೆಲ್ಲ ತನ್ನದೆಂದು ಕೂಡಿಸಿಕೊಳ್ಳುವ ಕೆಲಸ ಅವರಲ್ಲಿ ಅರ್ಧಕ್ಕೇ ನಿಂತಿದೆ. ಆ ಕೆಲಸ ಎಲ್ಲರಲ್ಲೂ ನಡೆಯುತ್ತಲೇ ಇರುತ್ತದೆ, ಸುಸೂತ್ರವಾಗಿ ನಡೆಯುವುದರಿಂದ ನಮಗೆ ‘ನಾನು’ ಹುಟ್ಟಿನಿಂದಲೇ ಬಂದದ್ದು ಅನಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಗಳ ಪಟ್ಟಿಯಾದ ಐಸಿಡಿ-11ರಲ್ಲಿ ಡಿಐಡಿಯ ಜೊತೆಗೆ ಭಾಗಶಃ ಡಿಐಡಿ ಎಂಬ ವಿಭಾಗವೂ ಇದೆ, ಅಂದರೆ ಈ ಕೂಡುವಿಕೆಗೆ ಮಟ್ಟಗಳಿವೆ.

ಮೈಮೇಲೆ ಬರುವುದನ್ನು ಇದಕ್ಕೆ ಜೋಡಿಸುವಾಗ ಎಚ್ಚರ ಬೇಕು. ತುಳುನಾಡಿನ ಭೂತಕೋಲದ ಆವೇಶಕ್ಕೆ ಹೊತ್ತಿದೆ, ಕಟ್ಟಳೆಯಿದೆ, ಊರಿನ ಒಪ್ಪಿಗೆಯಿದೆ; ಅದು ಕಾಯಿಲೆಯಲ್ಲ. ಬೇಡವೆಂದರೂ ಬಂದು ಸಂಸಾರ, ಕೆಲಸ ಕೆಡಿಸುವುದು ಕಾಯಿಲೆ. ಅದಕ್ಕೆ ಐಸಿಡಿ-11ರಲ್ಲಿ ಬೇರೆಯೇ ಸ್ಥಾನವಿದೆ.

ಡಿಐಡಿಗೆಂದೇ ಮಾತ್ರೆ ಇಲ್ಲ. ಜೊತೆಗಿರುವ ಖಿನ್ನತೆ, ಆತಂಕಕ್ಕೆ ಕೊಡುತ್ತಾರೆ. ಮುಖ್ಯವಾದದ್ದು ಮಾತಿನ ಚಿಕಿತ್ಸೆ, ವಾರಕ್ಕೆ ಕನಿಷ್ಠ ಒಂದು ಸಲ, ವರ್ಷಗಳ ಕಾಲ, ಮೂರು ಹಂತದಲ್ಲಿ. ಮೊದಲು ಸುರಕ್ಷತೆ, ಆಮೇಲೆ ಆಘಾತದ ನೆನಪು, ಕೊನೆಗೆ ಕೂಡುವಿಕೆ. ಕೆಡುವುದು ಹೆಚ್ಚಾಗಿ ಮೊದಲ ಹಂತವನ್ನು ಹಾರಿದಾಗ. ನಿದ್ದೆ ನೆಟ್ಟಗಾಗುವ ಮುನ್ನ, ಕೈ ಕುಯ್ದುಕೊಳ್ಳುವುದು ನಿಲ್ಲುವ ಮುನ್ನ ಹಳೆಯದನ್ನು ಬಗೆದರೆ ರೋಗಿ ಅದರಲ್ಲೇ ಮುಳುಗುತ್ತಾರೆ. ಡಿಐಡಿ ಇರುವ ಹೊರರೋಗಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಆತ್ಮಹತ್ಯೆಗೆ ಯತ್ನಿಸಿರುತ್ತಾರೆ, ಹಾಗಾಗಿ ಇಲ್ಲಿ ಆತುರ ಸಲ್ಲದು. ಎಲ್ಲ ಗುರುತುಗಳೂ ಬರೆಯುವ ಒಂದೇ ಡೈರಿ ಇಡುವುದು ಒಳ್ಳೆಯ ಆರಂಭ: ಇವತ್ತು ಏನಾಯಿತು, ಎಷ್ಟು ದುಡ್ಡು ಖರ್ಚಾಯಿತು, ಯಾವ ಮಾತ್ರೆ ನುಂಗಿದ್ದಾಯಿತು. ಕೋಪದ ಗುರುತನ್ನು ಓಡಿಸಲು ಹೋಗಬಾರದು. ಮಗು ತನ್ನನ್ನು ಕಾಪಾಡಿಕೊಳ್ಳಲು ಕಟ್ಟಿಕೊಂಡದ್ದು ಬಹಳ ಸಲ ಅದನ್ನೇ.

ಮನೆಯವರು ‘ನೀನು ಈಗ ಯಾರು’ ಎಂದು ಪರೀಕ್ಷೆ ಮಾಡಬೇಡಿ, ಇಷ್ಟವಾದ ಗುರುತನ್ನು ಕರೆಯಲೂ ಬೇಡಿ. ಯಾವ ಗುರುತು ಮಾಡಿದರೂ ಮಾಡಿದ್ದು ಆ ಒಬ್ಬರೇ ಎಂಬಂತೆ ನಡೆದುಕೊಳ್ಳಿ. ನೋಟ ಕಳೆದುಹೋದಾಗ ಹೆಸರು, ತಾರೀಖು, ಇರುವ ಜಾಗ ಹೇಳಿ, ಪಾದ ನೆಲಕ್ಕೆ ಊರಲು ಹೇಳಿ, ಕೈಗೆ ತಣ್ಣೀರಿನ ಲೋಟ ಕೊಡಿ. ಕೇಳದೆ ಮುಟ್ಟಬೇಡಿ. ಸಾಯುವ ಮಾತು ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ 14416ಕ್ಕೆ ಕರೆ ಮಾಡಿ, ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು.