ದೋಶಿಯವರ ಬಯೋಡೇಟಾ ಓದುವ ಬಗೆ

ವಾಸ್ತುಶಿಲ್ಪಿ ಬಿ.ವಿ. ದೋಶಿ 1947ರಲ್ಲಿ ಮುಂಬೈನ ಜೆ.ಜೆ. ಸ್ಕೂಲ್ ಎಂಬ ಕಲಾಶಾಲೆ ಸೇರಿದರು. ಆದರೆ ಅವರ ನಿಜವಾದ ಕಲಿಕೆ 1951ರಿಂದ ಪ್ಯಾರಿಸ್‌ನಲ್ಲಿ, ಹೆಸರಾಂತ ವಾಸ್ತುಶಿಲ್ಪಿ ಲ ಕಾರ್ಬೂಸಿಯೆ ಕಚೇರಿಯಲ್ಲಿ. 1954ರಲ್ಲಿ ಮರಳಿ ಅಹಮದಾಬಾದಿನಲ್ಲಿ ಅದೇ ಗುರುವಿನ ಕಟ್ಟಡಗಳ ಉಸ್ತುವಾರಿ ನೋಡಿಕೊಂಡರು. ಮುಂದೆ ಸ್ವಂತ ಕಚೇರಿ ತೆರೆದು, 1962ರಲ್ಲಿ ಅಲ್ಲಿಯೇ ವಾಸ್ತುಶಿಲ್ಪ ಶಾಲೆ ಕಟ್ಟಿದರು; ಇಂದಿನ ಸೆಪ್ಟ್ ವಿಶ್ವವಿದ್ಯಾಲಯ ಬೆಳೆದದ್ದು ಅದರಿಂದ.

ಅಹಮದಾಬಾದಿನ ಐಐಎಂ ದೋಶಿಯವರದೇ ಎಂಬ ಗೊಂದಲ ಪದೇಪದೇ ಕಾಣುತ್ತದೆ. ಅದರ ವಿನ್ಯಾಸ ಅಮೆರಿಕದ ವಾಸ್ತುಶಿಲ್ಪಿ ಲೂಯಿ ಕಾನ್ ಅವರದು, ದೋಶಿ ಅದರಲ್ಲಿ ಸಹವರ್ತಿ. ದೋಶಿಯವರದೇ ವಿನ್ಯಾಸ ಎನ್ನಬೇಕಾದದ್ದು ನಮ್ಮ ಬನ್ನೇರುಘಟ್ಟ ರಸ್ತೆಯ ಐಐಎಂ. ಒರಟು ಬೂದು ಗ್ರಾನೈಟ್ ಗೋಡೆ, ಮೂರಂತಸ್ತು ಎತ್ತರದ ಓಣಿಗಳು. ಕೆಲವೆಡೆ ಸೂರು, ಕೆಲವೆಡೆ ಬಳ್ಳಿ ಹಬ್ಬುವ ಕಾಂಕ್ರೀಟ್ ಚಪ್ಪರ, ಕೆಲವೆಡೆ ಬರೀ ಆಕಾಶ. ಬೆಂಗಳೂರಿನ ಹವೆಗಷ್ಟೇ ಒಗ್ಗುವ ಲೆಕ್ಕಾಚಾರ ಅದು. (ಜೋರು ಮಳೆಯಲ್ಲಿ ಕೊಡೆ ಬೇಕು, ಬಿಡಿ.)

ವಾಸ್ತುಶಿಲ್ಪ ಕಲಿಸುವವರ ಬಯೋಡೇಟಾದಲ್ಲಿ ಪ್ರಶಸ್ತಿಗಿಂತ ಮೊದಲು ನೋಡಬೇಕಾದದ್ದು ಕಟ್ಟಿದ ಕೆಲಸ, ಅದರಲ್ಲಿ ಅವರ ಪಾತ್ರ. ದೋಶಿಯವರಿಗೆ 2018ರಲ್ಲಿ ವಾಸ್ತುಶಿಲ್ಪದ ದೊಡ್ಡ ಪ್ರಶಸ್ತಿಯಾದ ಪ್ರಿಟ್ಸ್‌ಕರ್ ಬಂತು, ಸರಿ. ಇಂದೋರಿನಲ್ಲಿ ಅವರು ರೂಪಿಸಿದ ‘ಅರಣ್ಯ’ ಎಂಬ ಬಡಾವಣೆ ಅದಕ್ಕಿಂತ ಹೆಚ್ಚು ಹೇಳುತ್ತದೆ: ಬಡವರಿಗೆ ಪೂರ್ಣ ಮನೆಯ ಬದಲು ತಳಪಾಯ, ಶೌಚಾಲಯ, ನೀರಿನ ಸೌಕರ್ಯವಿದ್ದ ನಿವೇಶನ ಕೊಟ್ಟರು. ಉಳಿದದ್ದನ್ನು ಕೈಗೆ ಕಾಸು ಬಂದಂತೆ ಮನೆಯವರೇ ಕಟ್ಟಿಕೊಂಡರು.