ಚರ್ಚಿನ ಫೋಟೋ ತೆಗಿಯಪ್ಪ

ಈ ಶನಿವಾರ ಆರ್ಮೇನಿಯದ ರಾಜಧಾನಿ ಯೆರೆವಾನಿನಿಂದ ರೈಲು ಹತ್ತಿ ಗ್ಯುಮ್ರಿ ಅನ್ನುವ ಊರಿಗೆ ಹೋಗಿದ್ದೆವು. ಅಲ್ಲಿ ಒಬ್ಬರು ಅಜ್ಜಿ ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ.

"ಚರ್ಚಿನ ಫೋಟೋ ತೆಗಿಯಪ್ಪ. ಇದು ನನ್ನ ಮನೆ."

ಹೇಳಿದ್ದು ನನ್ನ ಜೊತೆ ಬಂದಿದ್ದ ಸಹೋದ್ಯೋಗಿಗೆ. ಅವರ ದೊಮಿಕ್‌ನ ಕಿಟಕಿಗೇ ಅವನು ಫೋನ್ ಹಿಡಿದಿದ್ದ. 1988ರ ಭೂಕಂಪ ಆದ ಮೇಲೆ, ಸದ್ಯಕ್ಕೆ ಇರಲಿ ಅಂತ ತಂದಿಟ್ಟ ತಗಡಿನ ಮನೆಗಳು ಇವು. ಈ ಮನೆಯ ಗೋಡೆಗೆಲ್ಲ ತುಕ್ಕು ಹಿಡಿದಿತ್ತು. ಕಿಟಕಿಗೆ ಮಾತ್ರ ಬೆಳ್ಳಗೆ ಒಗೆದ ಲೇಸಿನ ಪರದೆ. ಅವನು ಹಲ್ಲು ಬಿಟ್ಟು, ಇನ್ನೊಂದು ಕ್ಲಿಕ್ ಮಾಡಿಕೊಂಡೇ ಹೊರಟ. ಒಳ್ಳೆಯ ಹುಡುಗನೇ, ಆದರೆ ಆ ನಗು ನನಗೆ ಹಿಡಿಸಲಿಲ್ಲ.

ಊರಿನಲ್ಲಿ ಫೋಟೋ ತೆಗೆಯಲು ಬೇಕಾದಷ್ಟಿದೆ. ಕುಮಾಯ್ರಿ ಅನ್ನುವ ಹಳೇ ಪೇಟೆಯಲ್ಲಿ ಟಫ್ ಅನ್ನುವ, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಕಪ್ಪು, ಕೆಂಪು ಕಲ್ಲಿನ 19ನೇ ಶತಮಾನದ ಮನೆಗಳಿವೆ. ಭೂಕಂಪದಲ್ಲಿ ಇಂಥ ತಗ್ಗು ಮನೆಗಳು ಎಷ್ಟೋ ಉಳಿದುಕೊಂಡವು. ಸೋವಿಯತ್ ಕಾಲದ ಒಂಬತ್ತು ಮಹಡಿಯ ಕಟ್ಟಡಗಳು ಜನರ ಮೇಲೇ ಕುಸಿದವು. ಡಿಸೆಂಬರ್ 7, ಬುಧವಾರ, ಬೆಳಿಗ್ಗೆ 11:41. ಮಕ್ಕಳು ಶಾಲೆಯಲ್ಲಿದ್ದ ಹೊತ್ತು. ಆ ಸೀಮೆಯಲ್ಲೆಲ್ಲ ಸೇರಿ ಸತ್ತವರು ಸುಮಾರು 25,000. ಚೌಕದ ಸೂರ್ಪ್ ಅಸ್ತ್ವಾತ್ಸಾತ್ಸಿನ್ ಚರ್ಚಿನ ಪಕ್ಕದಲ್ಲಿ ಅವತ್ತು ಬಿದ್ದ ಗುಮ್ಮಟಗಳನ್ನು ಹಾಗೇ ಇಟ್ಟಿದ್ದಾರೆ. ನೋಡಲಿ ಅಂತಲೇ ಇಟ್ಟದ್ದು, ನಾನೂ ಫೋಟೋ ತೆಗೆದೆ. ಎದುರಿನ ಅಮೆನಾಪ್ರ್ಕಿಚ್ ಚರ್ಚು ಪೂರಾ ಮುರಿದಿತ್ತು. ವರ್ಷಗಟ್ಟಲೆ ಕೆಲಸ ಮಾಡಿ ಅದನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಬಹಳ ಚೆನ್ನಾಗಿದೆ.

ಅಜ್ಜಿ ನಮ್ಮನ್ನು ಅಲ್ಲಿಗೇ ಹೋಗಿ ಅಂದದ್ದು.

ಭೂಕಂಪದ ಸುದ್ದಿ ಕೇಳಿ ಸೋವಿಯತ್ ನಾಯಕ ಗೋರ್ಬಚೇವ್ ಅಮೆರಿಕ ಪ್ರವಾಸವನ್ನು ಅರ್ಧಕ್ಕೇ ಬಿಟ್ಟು ಬಂದಿದ್ದರು. ಎರಡೇ ವರ್ಷದಲ್ಲಿ ಊರು ಕಟ್ಟಿಕೊಡುತ್ತೇವೆ ಅಂತ ಸರ್ಕಾರ ಹೇಳಿತ್ತು. 1991ರಲ್ಲಿ ಸೋವಿಯತ್ ಒಕ್ಕೂಟ ಅನ್ನುವ ಆ ದೇಶವೇ ಇಲ್ಲವಾಯಿತು. ಆಮೇಲೆ ಯುದ್ಧ, ಕರೆಂಟಿಲ್ಲದ ಚಳಿಗಾಲಗಳು. 1993ರಲ್ಲಿ ಟರ್ಕಿ ಗಡಿ ಮುಚ್ಚಿತು, ಅತ್ತ ಹೋಗುವ ರೈಲೂ ನಿಂತಿತು. ಊರು ಇರುವುದು ಸಮುದ್ರಮಟ್ಟದಿಂದ ಸುಮಾರು 1,500 ಮೀಟರ್ ಎತ್ತರದಲ್ಲಿ. ಅಲ್ಲಿನ ಚಳಿಗೆ ತಗಡಿನ ಗೋಡೆ ಯಾವ ಲೆಕ್ಕ? ದೊಮಿಕ್‌ನಲ್ಲೇ ಹುಟ್ಟಿದವರಿಗೆ ಈಗ ಮೂವತ್ತು ದಾಟಿದೆ. ಎಷ್ಟೋ ಜನಕ್ಕೆ ಮನೆ ಸಿಕ್ಕಿತು, ನಿಜ. ಸಿಗದವರು ಏನು ಮಾಡಬೇಕು? ಪರದೆ ಒಗೆದು ಹಾಕಿಕೊಂಡು, ಇದ್ದುದನ್ನೇ ಮನೆ ಮಾಡಿಕೊಂಡಿದ್ದಾರೆ. ಅಷ್ಟಾದ ಮೇಲೆ ಯಾರೋ ಬಂದು ಅದನ್ನು ಅವಶೇಷ ಅನ್ನುವ ಹಾಗೆ ನೋಡಿದರೆ ಸಿಟ್ಟು ಬರುವುದಿಲ್ವಾ? ಅಜ್ಜಿಯ ದನಿಯಲ್ಲಿ ಸಿಟ್ಟೂ ಇರಲಿಲ್ಲ. ದಾರಿ ತಪ್ಪಿದವರಿಗೆ ದಾರಿ ತೋರಿಸುವ ಹಾಗೆ ಕೈ ಮಾಡಿ ಚೌಕದ ಕಡೆ ತೋರಿಸಿದರು.

ಸೋಮವಾರ ಆ ಕಿಟಕಿಯ ಫೋಟೋ ಆಫೀಸಿನ ಗ್ರೂಪಿಗೆ ಬಂತು. ತೆಗೆದುಹಾಕು ಅಂತ ಅವನಿಗೆ ಹೇಳಿದ್ದೇನೆ. ನೋಡೋಣ ಅಂದಿದ್ದಾನೆ. ನಾಳೆ ಮತ್ತೆ ಕೇಳುತ್ತೇನೆ.