ಬಾವುಟ ಹೊಲಿದವಳಿಗೆ ಮತವಿರಲಿಲ್ಲ

ಲೂವೆನ್ ಊರಿನ ಶಾಲೆಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳಿಗೆ ಇತಿಹಾಸದ ಮೇಷ್ಟರು ಒಂದು ಕೆಲಸ ಒಪ್ಪಿಸಿದ್ದರು. 1830ರಲ್ಲಿ ಬೆಲ್ಜಿಯಂ ಸ್ವತಂತ್ರ ದೇಶವಾದಾಗ ಹೆಸರು ಮಾಡಿದವರಲ್ಲಿ ಒಬ್ಬರನ್ನು ಆರಿಸಿಕೊಂಡು, ಅವರಿಗೆ ಸಂಬಂಧಪಟ್ಟ ಸ್ಥಳಗಳನ್ನು ಕಣ್ಣಾರೆ ನೋಡಿ, ಎರಡು ಪುಟ ಬರೆಯಬೇಕಿತ್ತು. ಶಿವಮೊಗ್ಗದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡಿ ನಿವೃತ್ತಳಾದ ನಾನು ಆಗ ಮಗಳ ಮನೆಯಲ್ಲಿಯೇ ಇದ್ದುದರಿಂದ ಜೊತೆಗೆ ಹೋಗುವ ಹೊಣೆ ಸಹಜವಾಗಿ ನನ್ನ ಪಾಲಿಗೆ ಬಂತು. ಇಲ್ಲಿನ ಶಾಲೆಗಳಿಗೆ ಬುಧವಾರ ಮಧ್ಯಾಹ್ನದ ಮೇಲೆ ರಜೆ. ಸೆಪ್ಟೆಂಬರ್ ಕೊನೆಯ ಅಂಥ ಒಂದು ಬುಧವಾರ, ಊಟ ಮುಗಿಸಿ, ಕೊಡೆ ಹಿಡಿದು, ನಾವಿಬ್ಬರೂ ಬ್ರಸೆಲ್ಸ್‌ನ ರೈಲು ಹತ್ತಿದೆವು.

ಮೇಷ್ಟರ ಪಟ್ಟಿಯಲ್ಲಿ ಲೂಯಿ ದ ಪೊಟೆರ್, ಚಾರ್ಲ್ಸ್ ರೋಜಿಯೆ, ಫ್ರೆಡೆರಿಕ್ ದ ಮೆರೋಡ್, ರಾಷ್ಟ್ರಗೀತೆ ಬರೆದ ಜೆನೆವಾಲ್, ಸ್ವಯಂಸೇವಕ ಪಡೆಯನ್ನು ನಡೆಸಿದ ವಾನ್ ಹಾಲೆನ್, ಕೊನೆಯಲ್ಲಿ ಮರೀ ಅಬ್ಟ್ಸ್ ಎಂಬ ಹೆಸರುಗಳಿದ್ದವು. ರೋಜಿಯೆಯ ಹೆಸರಿನಲ್ಲಿ ಚೌಕವೂ ಮೆಟ್ರೋ ನಿಲ್ದಾಣವೂ ಇರುವುದರಿಂದ ಕೆಲಸ ಹಗುರವಾಗುತ್ತದೆಂಬುದು ಮೊಮ್ಮಗಳ ಲೆಕ್ಕಾಚಾರ. ನನ್ನ ಒಲವು ದ ಪೊಟೆರ್ ಕಡೆಗಿತ್ತು. ಕಾಲೇಜಿನಲ್ಲಿ ಯುರೋಪಿನ ಇತಿಹಾಸ ಕಲಿಸುವಾಗ 1830ಕ್ಕೆ ಪ್ಯಾರಿಸ್ಸಿನ ಜುಲೈ ಕ್ರಾಂತಿಯೇ ಪಾಠದ ಬಹುಪಾಲನ್ನು ನುಂಗುತ್ತಿತ್ತು. ಬೆಲ್ಜಿಯಂಗೆ ಉಳಿಯುತ್ತಿದ್ದುದು ಅರ್ಧ ಪುಟ. ಆ ಅರ್ಧ ಪುಟದಲ್ಲಿಯೂ ಸಂಗೀತ ನಾಟಕವೊಂದನ್ನು ನೋಡಿ ಜನ ದಂಗೆಯೆದ್ದ ಕಥೆಯೇ ಮುಖ್ಯವಾಗಿರುತ್ತಿತ್ತು.

ಆ ನಾಟಕ ನಡೆದ ಲಾ ಮೊನೆ ರಂಗಮಂದಿರ ಸೆಂಟ್ರಲ್ ನಿಲ್ದಾಣದಿಂದ ಕಾಲ್ನಡಿಗೆಯ ದೂರದಲ್ಲಿದೆ. ಈಗ ಕಾಣುವ ಕಟ್ಟಡದ ಬಹುಭಾಗ 1855ರ ಬೆಂಕಿಯ ನಂತರ ಕಟ್ಟಿದ್ದು. ಮುಂಭಾಗದ ಕಂಬಸಾಲು ಮಾತ್ರ ಹಳೆಯದು. 1830ರ ಆಗಸ್ಟ್ 25ರಂದು, ಅದೂ ಬುಧವಾರವೇ, ಆಗ ಬೆಲ್ಜಿಯಂ ಅನ್ನೂ ಆಳುತ್ತಿದ್ದ ನೆದರ್ಲೆಂಡ್ಸಿನ ದೊರೆ ಒಂದನೆಯ ವಿಲಿಯಂನ ಹುಟ್ಟುಹಬ್ಬದ ಸಂಭ್ರಮದ ಅಂಗವಾಗಿ ಇಲ್ಲಿ ನೇಪಲ್ಸಿನ ಬೆಸ್ತನೊಬ್ಬನ ಬಂಡಾಯದ ಕಥೆಯಿರುವ ಒಪೆರಾ ನಡೆಯಿತು. ತಾಯ್ನಾಡಿನ ಮೇಲಿನ ಪವಿತ್ರ ಪ್ರೇಮವನ್ನು ಕೊಂಡಾಡುವ ಯುಗಳಗೀತೆಗೆ ಪ್ರೇಕ್ಷಕರು ಕೆರಳಿ ಹೊರಬಂದರೆಂಬುದು ಎಲ್ಲರೂ ಹೇಳುವ ಮಾತು. ಹೊರಬಂದ ಜನ ಸರ್ಕಾರದ ಪರ ಬರೆಯುತ್ತಿದ್ದ ಸಂಪಾದಕನ ಮನೆಯ ಮೇಲೆ ನುಗ್ಗಿದರು. ನ್ಯಾಯಮಂತ್ರಿ ವಾನ್ ಮಾನೆನ್‌ನ ಮನೆಗೆ ಬೆಂಕಿ ಬಿತ್ತು.

ಆದರೆ ಒಪೆರಾದ ಟಿಕೆಟ್ ಕೊಳ್ಳುವ ಶಕ್ತಿಯಿದ್ದವರು ರಸ್ತೆಯಲ್ಲಿ ರಾತ್ರಿಯಿಡೀ ನಿಂತು ಕಲ್ಲು ತೂರಿದರೆಂದು ನಂಬುವುದು ನನಗೆ ಎಂದೂ ಸಾಧ್ಯವಾಗಿಲ್ಲ. 1829ರ ಬೆಳೆ ಕೈಕೊಟ್ಟಿತ್ತು, ರೊಟ್ಟಿಯ ಬೆಲೆ ಏರಿತ್ತು, ನೂಲು ಬಟ್ಟೆಯ ಕಾರ್ಖಾನೆಗಳಿಗೆ ಹೊಸ ಯಂತ್ರಗಳು ಬಂದು ಕೈಗಳು ಖಾಲಿಯಾಗಿದ್ದವು. ಮರುದಿನ ನಗರದ ಅಂಚಿನ ಕಾರ್ಖಾನೆಗಳಲ್ಲಿ ಕಾರ್ಮಿಕರು ಯಂತ್ರಗಳನ್ನು ಒಡೆದರು. ಅಂದೇ ಬ್ರಸೆಲ್ಸ್‌ನ ಸ್ಥಿತಿವಂತರು ತಮ್ಮದೇ ಒಂದು ಕಾವಲು ಪಡೆ ಕಟ್ಟಿದರು. ಆ ಪಡೆಯ ಬಂದೂಕುಗಳು ಮೊದಲು ತಿರುಗಿದ್ದು ದೊರೆಯ ಕಡೆಗಲ್ಲ, ಹಸಿದವರ ಕಡೆಗೆ. ಇದನ್ನು ರಂಗಮಂದಿರದ ಮೆಟ್ಟಿಲ ಮೇಲೆ ನಿಂತು ಹೇಳಿದಾಗ ಮೊಮ್ಮಗಳು, "ಅಜ್ಜೀ, ಇದು ನಮ್ಮ ಪುಸ್ತಕದಲ್ಲೂ ಇದೆ, ಆದರೆ ಚಿಕ್ಕ ಅಕ್ಷರದಲ್ಲಿ" ಎಂದಳು.

ದಕ್ಷಿಣದ, ಅಂದರೆ ಇಂದಿನ ಬೆಲ್ಜಿಯಂನ, ಓದಿದವರಿಗೂ ಸಿಟ್ಟಿಗೆ ಕಾರಣಗಳಿದ್ದವು. ನೆಪೋಲಿಯನ್ನನ ಪತನದ ನಂತರ ಯುರೋಪಿನ ದೊಡ್ಡ ಶಕ್ತಿಗಳು ಉತ್ತರ ಮತ್ತು ದಕ್ಷಿಣ ನೆದರ್ಲೆಂಡ್ಸ್‌ಗಳನ್ನು 1815ರಲ್ಲಿ ಒಂದೇ ರಾಜ್ಯವಾಗಿ ಹೊಲಿದಿದ್ದವು. ಜನಸಂಖ್ಯೆಯಲ್ಲಿ ದಕ್ಷಿಣವೇ ದೊಡ್ಡದಾಗಿದ್ದರೂ ಸಂಸತ್ತಿನ ಕೆಳಮನೆಯಲ್ಲಿ ಎರಡಕ್ಕೂ 55 ಸ್ಥಾನಗಳು; ಉತ್ತರದ ಹಳೆಯ ಸಾಲಕ್ಕೂ ದಕ್ಷಿಣ ಹೆಗಲು ಕೊಡಬೇಕಿತ್ತು. ಪತ್ರಿಕೆಗಳ ಮೇಲಿನ ಕಟ್ಟುಪಾಡನ್ನು ಟೀಕಿಸಿದ ದ ಪೊಟೆರ್ 1828ರಲ್ಲಿ ಜೈಲು ಸೇರಿದ. ಒಬ್ಬರನ್ನೊಬ್ಬರು ಕಂಡರಾಗದ ಕ್ಯಾಥೊಲಿಕರು ಮತ್ತು ಉದಾರವಾದಿಗಳು ಒಂದಾಗಬೇಕೆಂದು ಸೆರೆಮನೆಯಿಂದಲೇ ಬರೆದ. 1830ರ ವಸಂತದಲ್ಲಿ ಅವನಿಗೆ ಎಂಟು ವರ್ಷಗಳ ಗಡೀಪಾರಿನ ಶಿಕ್ಷೆಯಾಯಿತು. ಆಗಸ್ಟಿನ ದಂಗೆಯ ರಾತ್ರಿ ಜನರ ಬಾಯಲ್ಲಿದ್ದುದು ಇವನ ಹೆಸರು, ಆದರೆ ಇವನೇ ಊರಿನಲ್ಲಿರಲಿಲ್ಲ.

ಲಾ ಮೊನೆಯಿಂದ ಸ್ವಲ್ಪವೇ ಮುಂದೆ, ಅಂಗಡಿಗಳಿಂದ ಗಿಜಿಗುಡುವ ಬೀದಿಯ ಮಗ್ಗುಲಲ್ಲಿ, ಹುತಾತ್ಮರ ಚೌಕವಿದೆ. ಹದಿನೆಂಟನೆಯ ಶತಮಾನದ ಬಿಳಿಯ ಕಟ್ಟಡಗಳು ನಾಲ್ಕೂ ಕಡೆ ಸುತ್ತುವರಿದಿರುವ ಈ ಜಾಗದ ನೆಲದಡಿಯಲ್ಲಿ, 1830ರ ಸೆಪ್ಟೆಂಬರಿನಲ್ಲಿ ದೊರೆಯ ಸೈನ್ಯದೊಂದಿಗೆ ನಡೆದ ಕಾಳಗದಲ್ಲಿ ಸತ್ತ ನಾಲ್ಕು ನೂರಕ್ಕೂ ಹೆಚ್ಚು ಜನರನ್ನು ಹೂಳಲಾಗಿದೆ. ನಡುವೆ ಗೀಫ್ಸ್ ಎಂಬ ಶಿಲ್ಪಿ ಕೆತ್ತಿದ ತಾಯ್ನಾಡಿನ ಪ್ರತಿಮೆ. ಆಕೆ ಕಾಳಗದ ದಿನಗಳಾದ 23, 24, 25, 26ನ್ನು ಫಲಕದ ಮೇಲೆ ಬರೆಯುತ್ತಿದ್ದಾಳೆ, ಕಾಲ ಬಳಿ ಸಿಂಹವಿದೆ. ಪ್ರತಿಮೆಯ ಸುತ್ತಲಿನ ತಗ್ಗಿನಲ್ಲಿ ಅಮೃತಶಿಲೆಯ ಹಲಗೆಗಳ ಮೇಲೆ ಸತ್ತವರ ಹೆಸರುಗಳಿವೆ. ಮೊಮ್ಮಗಳು ಒಂದೊಂದನ್ನೇ ಗಟ್ಟಿಯಾಗಿ ಓದತೊಡಗಿದಳು. ಮರಗೆಲಸದವರು, ಚಮ್ಮಾರರು, ಮುದ್ರಣಾಲಯದವರು, ದಿನಗೂಲಿಗಳು ಹೀಗೆ ಹೆಚ್ಚಿನಂಶ ದುಡಿದು ತಿನ್ನುವ ಜನರೇ ಆ ನಾಲ್ಕು ದಿನ ಬಂದೂಕು ಹಿಡಿದಿದ್ದರೆಂದು ಇತಿಹಾಸಕಾರರು ದಾಖಲೆಗಳಿಂದ ತೋರಿಸಿದ್ದಾರೆ. ಇವರಿಗೆ ಸೇರಿ ಇರುವುದು ಒಂದು ತಗ್ಗು. ಕೌಂಟ್ ಮನೆತನದ ಫ್ರೆಡೆರಿಕ್ ದ ಮೆರೋಡ್‌ಗೂ ನಟ ಜೆನೆವಾಲ್‌ಗೂ ಅದೇ ಚೌಕದಲ್ಲಿ ಬೇರೆ ಬೇರೆ ಸ್ಮಾರಕಗಳಿವೆ. ಇಬ್ಬರೂ ಆಂಟ್ವರ್ಪ್ ಕಡೆಗಿನ ಕಾದಾಟದಲ್ಲಿ ಪ್ರಾಣ ಕೊಟ್ಟವರು, ಗೌರವ ಸಲ್ಲಬೇಕಾದ್ದೇ. ಆದರೂ ಅಳತೆಯ ಆ ವ್ಯತ್ಯಾಸ ಕಣ್ಣಿಗೆ ಹೊಡೆಯದೆ ಇರಲಿಲ್ಲ.

ಇದೇ ಚೌಕದಲ್ಲಿ, ಡಚ್ ಮಾತಾಡುವ ಪ್ರದೇಶವಾದ ಫ್ಲಾಂಡರ್ಸ್‌ನ ಸರ್ಕಾರದ ಮುಖ್ಯಸ್ಥರ ಕಚೇರಿಯಿದೆ. ಹೊಸ ದೇಶ ಆಡಳಿತಕ್ಕೆ ಫ್ರೆಂಚನ್ನಷ್ಟೇ ಇಟ್ಟುಕೊಂಡಿತು. ಕಾನೂನಿನಲ್ಲಿ ಡಚ್‌ಗೆ ಸಮಾನ ಸ್ಥಾನ ಸಿಗಲು 1898ರವರೆಗೆ ಕಾಯಬೇಕಾಯಿತು. ಡಚ್ ಭಾಷೆಯಲ್ಲಿ ಓದುತ್ತಿರುವ ಹುಡುಗಿ ಆ ಕಚೇರಿಯ ಬಾವುಟವನ್ನೂ ಕೆಳಗಿನ ಹೆಸರುಗಳನ್ನೂ ನೋಡಿ ಏನೋ ಗುರುತು ಹಾಕಿಕೊಂಡಳು. ನಾನು ಕೇಳಲಿಲ್ಲ.

ಅಲ್ಲಿಂದ ದಿಬ್ಬ ಹತ್ತಿದರೆ ರ್ಯು ರೋಯಾಲ್ ರಸ್ತೆ. ಸೆಪ್ಟೆಂಬರ್ 23ರ ಬೆಳಿಗ್ಗೆ ದೊರೆಯ ಎರಡನೆಯ ಮಗ ಫ್ರೆಡೆರಿಕ್‌ನ ಸೈನ್ಯ ಇದೇ ರಸ್ತೆಯಲ್ಲಿ ಸಾಗಿ ಅರಮನೆಯ ಮುಂದಿನ ಉದ್ಯಾನವನ್ನು ಸೇರಿತು. ಮರಗಳ ನಡುವೆ ನಿಂತ ಸೈನಿಕರಿಗೆ ಸುತ್ತಲಿನ ಮನೆಗಳ ಕಿಟಕಿಗಳಿಂದ, ಚಾವಣಿಗಳಿಂದ, ರಸ್ತೆಗಡ್ಡ ಹಾಕಿದ ಅಟ್ಟಣೆಗಳ ಹಿಂದಿನಿಂದ ಗುಂಡು ಬೀಳುತ್ತಿದ್ದರೆ ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಬರಲಾಗದೆ ಅವರು ಬೋನಿಗೆ ಬಿದ್ದ ಇಲಿಯಂತಾದರು. ಲಿಯೇಜ್‌ನಿಂದ ರೋಜಿಯೆ ಕರೆತಂದಿದ್ದ ಸ್ವಯಂಸೇವಕರೂ, ಮರದ ಕಾಲಿನ ಶಾರ್ಲಿಯೇ ಎಂಬ ಫಿರಂಗಿಯವನೂ ಹೆಸರಾದದ್ದು ಇಲ್ಲಿಯೇ. 26ರ ರಾತ್ರಿ ಸೈನ್ಯ ಸದ್ದಿಲ್ಲದೆ ಜಾಗ ಖಾಲಿ ಮಾಡಿತು. ನಾವು ಹೋದಾಗ ಅಲ್ಲಿ ಕಚೇರಿಯ ಜನ ಬೆಂಚುಗಳ ಮೇಲೆ ಕುಳಿತು ಬ್ರೆಡ್ಡು ತಿನ್ನುತ್ತಿದ್ದರು, ತುಂತುರು ಮಳೆಯನ್ನು ಯಾರೂ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಇನ್ನೊಂದು ಮಾತನ್ನು ಇಲ್ಲಿ ಹೇಳಲೇಬೇಕು. ಉದ್ಯಾನದ ಕಾಳಗದಲ್ಲಿ ಪಡೆ ನಡೆಸಿದ ವಾನ್ ಹಾಲೆನ್ ಹುಟ್ಟಿದ್ದು ಸ್ಪೇನಿನಲ್ಲಿ. ರಾಷ್ಟ್ರಗೀತೆ ಬರೆದ ಜೆನೆವಾಲ್ ಫ್ರಾನ್ಸಿನ ಲಿಯೋನ್ ಊರಿನವನು. ಮುಂದೆ ಎರಡು ಬಾರಿ ಸರ್ಕಾರದ ಮುಖ್ಯಸ್ಥನಾದ, ಆ ಗೀತೆಯನ್ನೇ 1860ರಲ್ಲಿ ಹೊಸದಾಗಿ ಬರೆದ ರೋಜಿಯೆಯೂ ಹುಟ್ಟಿನಿಂದ ಫ್ರಾನ್ಸಿನವನೇ. ದೊರೆಯಾಗಿ ಬಂದ ಲಿಯೋಪೋಲ್ಡ್ ಜರ್ಮನ್ ರಾಜಕುಮಾರ. ಹೊರಗಿನಿಂದ ಬಂದವರು ನಮ್ಮ ದೇಶಕ್ಕೆ ಏನು ಮಾಡಿದ್ದಾರೆಂದು ಟಿವಿಯಲ್ಲಿ ಕೇಳುವವರು ಈ ಪಟ್ಟಿಯನ್ನೊಮ್ಮೆ ಓದಬಹುದು.

ರ್ಯು ರೋಯಾಲ್‌ನಲ್ಲಿಯೇ ಕಾಂಗ್ರೆಸ್ ಸ್ತಂಭವಿದೆ. ನಲವತ್ತೇಳು ಮೀಟರ್ ಎತ್ತರದ ಕಂಬದ ತುದಿಯಲ್ಲಿ ಲಿಯೋಪೋಲ್ಡ್ ದೊರೆ. ಬುಡದಲ್ಲಿ ಪತ್ರಿಕೆ, ಸಂಘಟನೆ, ಶಿಕ್ಷಣ, ಧರ್ಮ ಎಂಬ ನಾಲ್ಕು ಸ್ವಾತಂತ್ರ್ಯಗಳನ್ನು ಪ್ರತಿನಿಧಿಸುವ ನಾಲ್ಕು ಹೆಂಗಸರು. ಕಂಬ ನಿಂತಿರುವುದು ಸಂವಿಧಾನ ಬರೆದ ರಾಷ್ಟ್ರೀಯ ಕಾಂಗ್ರೆಸ್ ಎಂಬ ಸಭೆಯ ನೆನಪಿಗೆ. ಸಂವಿಧಾನವೇನೋ ಆ ಕಾಲಕ್ಕೆ ಯುರೋಪಿನಲ್ಲೇ ಅತ್ಯಂತ ಉದಾರವಾದವುಗಳಲ್ಲಿ ಒಂದು. ಆದರೆ ನವೆಂಬರ್ 3ರಂದು ಆ 200 ಸದಸ್ಯರನ್ನು ಆರಿಸಿದವರು ಯಾರು? ಸುಮಾರು ನಲವತ್ತು ಲಕ್ಷ ಜನರಿದ್ದ ದೇಶದಲ್ಲಿ ಮತದ ಹಕ್ಕಿದ್ದುದು ಸುಮಾರು 46,000 ಗಂಡಸರಿಗೆ. ನಿಗದಿಯಾದಷ್ಟು ತೆರಿಗೆ ಕಟ್ಟುವವರು, ಜೊತೆಗೆ ವಕೀಲರು, ವೈದ್ಯರು, ಪಾದ್ರಿಗಳಂಥವರು. ಮತ ಹಾಕಿದವರು ಸುಮಾರು 30,000. ಚೌಕದ ತಗ್ಗಿನಲ್ಲಿ ಓದಿದ ಹೆಸರುಗಳವರು ಬದುಕಿ ಉಳಿದಿದ್ದರೂ ಅವರಲ್ಲಿ ಬಹುತೇಕರು ಈ ಲೆಕ್ಕದ ಹೊರಗೇ ಇರುತ್ತಿದ್ದರು.

ದ ಪೊಟೆರ್‌ನ ಪಾಡೂ ನೋಡಿ. ಸೆಪ್ಟೆಂಬರ್ 28ರಂದು ಜಯಘೋಷಗಳ ನಡುವೆ ಬ್ರಸೆಲ್ಸ್‌ಗೆ ಮರಳಿದವನು, ನವೆಂಬರ್ 10ರಂದು ಕಾಂಗ್ರೆಸ್ಸನ್ನು ಉದ್ಘಾಟಿಸಿದವನು, ಗಣರಾಜ್ಯ ಬೇಕೆಂದು ಹಟ ಹಿಡಿದು ಕೆಲವೇ ದಿನಗಳಲ್ಲಿ ತಾತ್ಕಾಲಿಕ ಸರ್ಕಾರದಿಂದ ಹೊರನಡೆದ. ನವೆಂಬರ್ 22ರಂದು ರಾಜಪ್ರಭುತ್ವದ ಪರ 174 ಮತಗಳು ಬಿದ್ದರೆ ವಿರುದ್ಧ ಬಿದ್ದದ್ದು 13. ನನಗೆ ಈ ಮನುಷ್ಯ ಇಷ್ಟವಾಗಲು ಆ ಹದಿಮೂರೇ ಕಾರಣವೆಂದು ಹೇಳಿದೆ. ಮೊಮ್ಮಗಳು ಒಪ್ಪಲಿಲ್ಲ: "ಅವನಿಗೆ ಮತ ಹಾಕೋ ಹಕ್ಕಾದರೂ ಇತ್ತಲ್ಲ ಅಜ್ಜೀ, ಸೋತರೂ."

ಅದೇ 1830ರ ಆಗಸ್ಟಿನಲ್ಲಿ ನಮ್ಮ ಮಲೆನಾಡಿನ ಸೆರಗಿನಲ್ಲಿ ರೈತರು ಕೂಟ ಸೇರಿ ಕಂದಾಯ ಕಟ್ಟುವುದಿಲ್ಲವೆಂದು ನಿಂತಿದ್ದರು. ನಗರ ಎಂಬ ಸೀಮೆಯ ಹೆಸರಿನಿಂದ ನಗರದ ದಂಗೆಯೆಂದು ನಾವು ಕರೆಯುವ ಆ ಹೋರಾಟದ ಫಲವಾಗಿ ಮರುವರ್ಷ ಮೈಸೂರಿನ ಆಡಳಿತ ಅರಸರ ಕೈಯಿಂದ ಬ್ರಿಟಿಷರ ಕೈಗೆ ಹೋಯಿತು. ರೈತರ ಕೈಗೆ ಏನೂ ಬರಲಿಲ್ಲ. ಇದನ್ನು ಹೇಳಿದ ಮೇಲೆಯೇ ಅವಳು ಪಟ್ಟಿಯ ಕೊನೆಯ ಹೆಸರಿನತ್ತ ತಿರುಗಿದ್ದು.

ಕಲಾ ಸಂಗ್ರಹಾಲಯದಲ್ಲಿ ವಾಪರ್ಸ್ 1835ರಲ್ಲಿ ಮುಗಿಸಿದ ಬೃಹತ್ ಚಿತ್ರವನ್ನು ನೋಡಿದೆವು. ನಗರಭವನದ ಮುಂದೆ ಜನಜಂಗುಳಿ ರಾಜಕುಮಾರ ಫ್ರೆಡೆರಿಕ್‌ನ ಘೋಷಣಾಪತ್ರವನ್ನು ಹರಿದು ಎಸೆಯುತ್ತಿದೆ. ಗುಂಪಿನಲ್ಲಿ ಹೆಂಗಸರು ಮಕ್ಕಳೂ ಇದ್ದಾರೆ. ಚಿತ್ರದಲ್ಲಿ ಹಾರುತ್ತಿರುವ ಬಾವುಟದ ಮೊದಲ ಎರಡು ಪ್ರತಿಗಳನ್ನು ಹೊಲಿದವಳು ಮರೀ ಅಬ್ಟ್ಸ್. ದಂಗೆಯ ಮರುದಿನ ನಗರಭವನದ ಮೇಲೆ ಫ್ರಾನ್ಸಿನ ಬಣ್ಣಗಳು ಹಾರತೊಡಗಿದಾಗ, ಅದು ಬೇಡ, ಬ್ರಬಾಂಟ್ ಪ್ರಾಂತ್ಯದ ಕಪ್ಪು, ಹಳದಿ, ಕೆಂಪು ಬೇಕೆಂದು ಪತ್ರಕರ್ತರಾದ ಡ್ಯುಕ್‌ಪೆಸಿಯೋ ಮತ್ತು ಜೋಟ್ರಾಂಡ್ ನಿರ್ಧರಿಸಿದರು. ನಗರಭವನದ ಹತ್ತಿರವೇ ಬಟ್ಟೆಯ ಅಂಗಡಿ ಇಟ್ಟುಕೊಂಡಿದ್ದ ಈಕೆಯ ಬಳಿ ಅದನ್ನು ಹೊಲಿಸಿದರು. ಆಗ ಪಟ್ಟೆಗಳು ಅಡ್ಡಡ್ಡ ಇದ್ದವು. 1831ರ ಜನವರಿಯಲ್ಲಿ ಅವನ್ನು ಉದ್ದಕ್ಕೆ ತಿರುಗಿಸಲಾಯಿತು. ಆ ಬೀದಿಯ ಅಂಗಡಿಗಳಲ್ಲಿ ಈಗ ಚಾಕೊಲೇಟು ಮತ್ತು ಫ್ರಿಜ್ಜಿಗೆ ಅಂಟಿಸುವ ಬಾವುಟಗಳು ಸಿಗುತ್ತವೆ.

ಮರಳುವ ರೈಲಿನಲ್ಲಿ ಅವಳು ಬರೆಯತೊಡಗಿದಳು. ವರ್ಷಗಳನ್ನು ಕೇಳಿದಾಗ ಹೇಳುವುದಷ್ಟೇ ನನ್ನ ಕೆಲಸ. 1893ರಲ್ಲಿ, ದೊಡ್ಡ ಮುಷ್ಕರದ ನಂತರ, ಎಲ್ಲ ಗಂಡಸರಿಗೂ ಮತ ಸಿಕ್ಕಿತು, ಆದರೆ ಆಸ್ತಿ ಮತ್ತು ಓದು ಇದ್ದವರಿಗೆ ಹೆಚ್ಚುವರಿ ಮತಗಳು. ಒಬ್ಬ ಗಂಡಸಿಗೆ ಒಂದೇ ಮತವಾದದ್ದು 1919ರಲ್ಲಿ. ಸಂಸತ್ತಿಗೆ ಹೆಂಗಸರೆಲ್ಲರೂ ಮತ ಹಾಕಿದ್ದು 1949ರಲ್ಲಿ, ಅಂದರೆ ಭಾರತದ ಮೊದಲ ಸಾರ್ವತ್ರಿಕ ಚುನಾವಣೆಗೆ ಎರಡು ಮೂರು ವರ್ಷಗಳ ಮುಂಚೆಯಷ್ಟೇ. ಇದನ್ನು ಕೇಳಿ ಎದುರಿನ ಸೀಟಿನಲ್ಲಿದ್ದ ಯಾರಿಗೂ ಅರ್ಥವಾಗದ ಕನ್ನಡದಲ್ಲಿ ಅವಳು ಸಾಕಷ್ಟು ಜೋರಾಗಿಯೇ ನಕ್ಕು ಮಾತಾಡಿದಳು.

ಮನೆಯಲ್ಲಿ ಅವಳಮ್ಮ ಹುಡುಕಿಕೊಟ್ಟ ಸಂಗತಿಯೊಂದು ಬರಹದ ಕೊನೆಗೆ ಸೇರಿತು. 1831ರ ಚುನಾವಣಾ ಕಾನೂನಿನ ಪ್ರಕಾರ ಹೆಂಡತಿ ಕಟ್ಟಿದ ತೆರಿಗೆ ಗಂಡನ ಲೆಕ್ಕಕ್ಕೆ ಸೇರಿ ಅವನನ್ನು ಮತದಾರನನ್ನಾಗಿಸಬಹುದಿತ್ತು; ವಿಧವೆಯಾದವಳು ತನ್ನ ತೆರಿಗೆಯನ್ನು ಮಗನೊಬ್ಬನ ಹೆಸರಿಗೆ ಬಿಟ್ಟುಕೊಡಬಹುದಿತ್ತು. ಇದಕ್ಕೆ ಜಾಗ ಮಾಡಲು ರೋಜಿಯೆಯ ಮೇಲೆ ಆಗಲೇ ಬರೆದಿಟ್ಟಿದ್ದ ಇಡೀ ಪ್ಯಾರಾವನ್ನು, ಅವನು ಮಂತ್ರಿಯಾಗಿ 1834ರಲ್ಲಿ ತಂದ ಕಾನೂನಿನ ಫಲವಾಗಿ 1835ರಲ್ಲಿ ಬ್ರಸೆಲ್ಸ್‌ನಿಂದ ಮೆಖೆಲೆನ್‌ಗೆ ಹೊರಟ ಮೊದಲ ರೈಲನ್ನೂ ಸೇರಿಸಿ, ಅವಳು ಹೊಡೆದುಹಾಕಿದಳು.